ಸ್ಲೀಪ್ ಆಪ್ನಿಯಾ, ಫ್ಯಾಟಿ ಲಿವರ್ ಎರಡೂ ಒಟ್ಟಿಗೆ ಪತ್ತೆಯಾಗಿವೆ: ಇವುಗಳ ನಡುವೆ ಸಂಬಂಧವಿದೆಯೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರ ವಯಸ್ಸು 48, ಎತ್ತರ 170 ಸೆಂ.ಮೀ., ತೂಕ 92 ಕೆ.ಜಿ. ಮದ್ಯಪಾನದ ಅಭ್ಯಾಸವಿಲ್ಲ. ಈಚಿನ ಆರೋಗ್ಯ ತಪಾಸಣೆಯಲ್ಲಿ ಅಲ್ಟ್ರಾಸೌಂಡ್ ಮಾಡಿದಾಗ ಎರಡನೇ ಗ್ರೇಡಿನ ಫ್ಯಾಟಿ ಲಿವರ್ ಇದೆ ಎಂದು ತಿಳಿಯಿತು. ಲಿವರ್ ಕಿಣ್ವಗಳಾದ ಎಸ್‌ಜಿಪಿಟಿ 68, ಎಸ್‌ಜಿಒಟಿ 44, ಪ್ಲೇಟ್‌ಲೆಟ್ 2.2 ಲಕ್ಷ, ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ ಎಚ್‌ಬಿಎ1ಸಿ 6.1 ಇವೆ. ಇದಾದ ಕೆಲವೇ ವಾರಗಳಲ್ಲಿ ಅವರ ಗೊರಕೆಯ ಸಲುವಾಗಿ ನಿದ್ರಾ ಪರೀಕ್ಷೆಯನ್ನೂ ಮಾಡಿಸಿದೆವು; ಸ್ಲೀಪ್ ಆಪ್ನಿಯಾ, ಅಂದರೆ ನಿದ್ರೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ಕಾಯಿಲೆ, ಇದೆ ಎಂದು ಗೊತ್ತಾಯಿತು. ಗೊರಕೆ ಇದ್ದಕ್ಕಿದ್ದಂತೆ ನಿಂತು, ಎದೆ ಮಾತ್ರ ಏರಿಳಿಯುತ್ತ, ಉಸಿರು ಬಾರದೆ, ಕೊನೆಗೆ ಏದುಸಿರಿನೊಂದಿಗೆ ಮತ್ತೆ ಶುರುವಾಗುವುದನ್ನು ಪಕ್ಕದಲ್ಲಿ ಮಲಗಿ ಕೇಳಿದವರಿಗೆ ಆ ಭಯ ಎಂಥದ್ದೆಂದು ಗೊತ್ತಿರುತ್ತದೆ. ವರದಿಯಲ್ಲಿ ಎಎಚ್‌ಐ 34, ಆಮ್ಲಜನಕದ ಕನಿಷ್ಠ ಮಟ್ಟ 76%, ಆಮ್ಲಜನಕ 90%ಕ್ಕಿಂತ ಕೆಳಗಿದ್ದ ಸಮಯ ಒಟ್ಟು ನಿದ್ರೆಯ 18% ಎಂದಿದೆ.

ಲಿವರ್ ನೋಡಿದ ವೈದ್ಯರು ತೂಕ ಇಳಿಸಿ ಎಂದರು. ನಿದ್ರೆಯ ವೈದ್ಯರು ಮಾಸ್ಕಿನ ಮೂಲಕ ಒತ್ತಡದ ಗಾಳಿ ಕೊಟ್ಟು ಗಂಟಲು ಮುಚ್ಚದಂತೆ ತಡೆಯುವ ಸಿಪ್ಯಾಪ್ ಯಂತ್ರ ಹಾಕಿಕೊಳ್ಳಿ ಎಂದರು. ಒಬ್ಬರು ಇನ್ನೊಬ್ಬರ ವರದಿಯನ್ನು ನೋಡಲಿಲ್ಲ, ನಾವೂ ತೋರಿಸಲಿಲ್ಲ. ಈಗ ಎರಡನ್ನೂ ಮುಂದಿಟ್ಟುಕೊಂಡು ಕುಳಿತಾಗ ಇವು ಬೇರೆ ಬೇರೆ ಕಾಯಿಲೆಗಳೋ, ಒಂದಕ್ಕೊಂದು ನಂಟಿರುವಂಥವೋ ಎಂಬ ಪ್ರಶ್ನೆ ಕಾಡುತ್ತಿದೆ. ಸಂಬಂಧವಿದ್ದರೆ ಅದು ಕೇವಲ ದಪ್ಪಗಿರುವುದರಿಂದ ಬಂದದ್ದೇ? ಸಿಪ್ಯಾಪ್ ಹಾಕಿಕೊಂಡರೆ ಲಿವರ್ ಕೂಡ ಸರಿಹೋಗುತ್ತದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ನಿದ್ರಾ ವಿಭಾಗದ ವೈದ್ಯೆ

ನಮಸ್ಕಾರ. ನೀವು ಎರಡೂ ವರದಿಗಳನ್ನು ಒಂದೇ ಕಡೆ ಇಟ್ಟು ನೋಡಿದ್ದು ಬಹಳ ಒಳ್ಳೆಯದಾಯಿತು. ಸಂಬಂಧ ಖಂಡಿತ ಇದೆ. ಅದರ ಒಂದು ಭಾಗ ತೂಕದ ಮೂಲಕ ಬಂದದ್ದು, ಇನ್ನೊಂದು ಭಾಗ ತೂಕವನ್ನು ಬದಿಗಿಟ್ಟರೂ ಉಳಿಯುವಂಥದ್ದು.

ತೂಕದ ಭಾಗ ಎಲ್ಲರಿಗೂ ತಿಳಿದದ್ದೇ. ಕತ್ತಿನ ಸುತ್ತ ಮತ್ತು ನಾಲಿಗೆಯ ಬುಡದಲ್ಲಿ ಕೊಬ್ಬು ಸೇರಿದಾಗ ನಿದ್ರೆಯಲ್ಲಿ ಸಡಿಲಗೊಳ್ಳುವ ಗಂಟಲು ಸುಲಭವಾಗಿ ಮುಚ್ಚಿಕೊಳ್ಳುತ್ತದೆ. ಹೊಟ್ಟೆಯೊಳಗೆ ಕೊಬ್ಬು ಸೇರಿದಾಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಯಕೃತ್ತಿನಲ್ಲಿಯೂ ಕೊಬ್ಬು ತುಂಬುತ್ತದೆ. ಆದ್ದರಿಂದ ಎರಡೂ ಒಬ್ಬರಲ್ಲೇ ಕಾಣಿಸಿಕೊಳ್ಳುವುದು ಆಶ್ಚರ್ಯವೇನಲ್ಲ.

ನಾನು ಹೆಚ್ಚು ಹೇಳಬೇಕೆಂದಿರುವುದು ಎರಡನೆಯ ಭಾಗದ ಬಗ್ಗೆ. ನಿಮ್ಮ ಯಜಮಾನರ ಎಎಚ್‌ಐ 34 ಎಂದರೆ ನಿದ್ರೆಯ ಪ್ರತಿ ಗಂಟೆಗೆ ಸರಾಸರಿ 34 ಬಾರಿ ಉಸಿರು ಕನಿಷ್ಠ 10 ಸೆಕೆಂಡು ನಿಂತಿದೆ ಅಥವಾ ಗಣನೀಯವಾಗಿ ಕುಗ್ಗಿದೆ. 30 ದಾಟಿದರೆ ಅದನ್ನು ತೀವ್ರ ಎಂದು ಪರಿಗಣಿಸುತ್ತೇವೆ. ಹೀಗೆ ಉಸಿರು ನಿಂತಾಗಲೆಲ್ಲ ರಕ್ತದ ಆಮ್ಲಜನಕ ಇಳಿಯುತ್ತದೆ, ಮೆದುಳು ಕ್ಷಣಮಾತ್ರ ಎಚ್ಚರಗೊಂಡು ಗಂಟಲನ್ನು ತೆರೆಯುತ್ತದೆ, ಆಮ್ಲಜನಕ ಮತ್ತೆ ಏರುತ್ತದೆ. ಎತ್ತರದ ಪರ್ವತಪ್ರದೇಶದಲ್ಲಿ ವಾಸಿಸುವವರಿಗೆ ಆಮ್ಲಜನಕ ಸದಾ ಸ್ವಲ್ಪ ಕಡಿಮೆ ಇರುತ್ತದೆ, ಅದಕ್ಕೆ ಶರೀರ ಹೊಂದಿಕೊಳ್ಳುತ್ತದೆ. ಇಲ್ಲಿ ಆಗುವುದು ಬೇರೆ. ರಾತ್ರಿಯಿಡೀ ಇಳಿದು ಏರುವ ಈ ಹೊಯ್ದಾಟಕ್ಕೆ ಹೊಂದಿಕೊಳ್ಳಲು ಜೀವಕೋಶಗಳಿಗೆ ಸಮಯವೇ ಸಿಗುವುದಿಲ್ಲ, ಮತ್ತು ಆಮ್ಲಜನಕ ಹಿಂತಿರುಗುವ ಪ್ರತಿ ಸಲವೂ ಹಾನಿಕಾರಕ ಆಕ್ಸಿಡೀಕರಣದ ಒತ್ತಡ ಉಂಟಾಗುತ್ತದೆ.

ಇದರ ಪರಿಣಾಮ ಯಕೃತ್ತಿನ ಮೇಲೆ ಏಕೆ ಆಗಬೇಕು ಎಂಬುದಕ್ಕೆ ಅದರ ರಕ್ತಪೂರೈಕೆಯ ವಿನ್ಯಾಸವನ್ನು ಗಮನಿಸಬೇಕು. ಯಕೃತ್ತಿಗೆ ಬರುವ ರಕ್ತದ ಸುಮಾರು ಮುಕ್ಕಾಲು ಭಾಗ ಕರುಳಿನಿಂದ ಪೋರ್ಟಲ್ ಅಭಿಧಮನಿಯ ಮೂಲಕ ಬರುವಂಥದ್ದು. ಕರುಳು ಬಳಸಿ ಬಿಟ್ಟ ರಕ್ತವಾದ್ದರಿಂದ ಅದರಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಈ ರಕ್ತ ಯಕೃತ್ತಿನ ಪ್ರತಿಯೊಂದು ಸಣ್ಣ ಘಟಕದ ಅಂಚಿನಿಂದ ನಡುವಿನ ಅಭಿಧಮನಿಯ ಕಡೆಗೆ ಹರಿಯುತ್ತ, ದಾರಿಯ ಕೋಶಗಳಿಗೆ ಆಮ್ಲಜನಕ ಕೊಡುತ್ತ ಹೋಗುತ್ತದೆ. ಕಾಲುವೆಯ ಕೊನೆಯ ಗದ್ದೆಗೆ ನೀರು ಸಾಲದೆ ಹೋಗುವಂತೆ, ನಡುವಿನ ಅಭಿಧಮನಿಯ ಪಕ್ಕದ ಕೋಶಗಳಿಗೆ ಆರೋಗ್ಯವಂತರಲ್ಲಿಯೂ ಅತಿ ಕಡಿಮೆ ಆಮ್ಲಜನಕ ತಲುಪುತ್ತದೆ. ವಯಸ್ಕರ ಫ್ಯಾಟಿ ಲಿವರ್‌ನಲ್ಲಿ ಕೊಬ್ಬು ಮೊದಲು ಕೂಡುವುದೂ, ನಾರು (ಗಾಯದ ಕಲೆಯಂಥ ಗಟ್ಟಿ ಅಂಗಾಂಶ) ಕಟ್ಟಲು ಆರಂಭವಾಗುವುದೂ ಸಾಮಾನ್ಯವಾಗಿ ಇದೇ ಜಾಗದಲ್ಲಿ. ರಾತ್ರಿಯ ಆಮ್ಲಜನಕದ ಕುಸಿತವನ್ನು ಸಂಶೋಧಕರು ಗಂಭೀರವಾಗಿ ಪರಿಗಣಿಸಲು ಇದೂ ಒಂದು ಕಾರಣ.

ಇನ್ನೊಂದು ದಾರಿ ಅಡ್ರಿನಲಿನ್‌ನದು. ಪ್ರತಿ ಬಾರಿ ಉಸಿರುಗಟ್ಟಿ ಎಚ್ಚರಗೊಂಡಾಗ ಶರೀರ ಅಪಾಯದಲ್ಲಿರುವಂತೆ ವರ್ತಿಸುತ್ತದೆ, ಶೇಖರಿಸಿಟ್ಟ ಕೊಬ್ಬು ಕರಗಿ ಕೊಬ್ಬಿನ ಆಮ್ಲಗಳಾಗಿ ರಕ್ತಕ್ಕೆ ಸೇರುತ್ತದೆ. ಸಿಪ್ಯಾಪ್ ಬಳಸುತ್ತಿದ್ದವರಲ್ಲಿ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ ರಾತ್ರಿಯಿಡೀ ರಕ್ತ ಪರೀಕ್ಷಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಯಂತ್ರವಿಲ್ಲದ ರಾತ್ರಿಗಳಲ್ಲಿ ಕೊಬ್ಬಿನ ಆಮ್ಲ, ಗ್ಲೂಕೋಸ್, ಕಾರ್ಟಿಸಾಲ್ ಮೂರೂ ಏರಿದ್ದವು. ಹೀಗೆ ಬಿಡುಗಡೆಯಾದ ಕೊಬ್ಬಿನ ಆಮ್ಲದಲ್ಲಿ ಒಂದಷ್ಟು ಪಾಲು ಯಕೃತ್ತಿಗೇ ಹೋಗಿ ಸೇರುತ್ತದೆ.

ಪ್ರಯೋಗಾಲಯದಲ್ಲಿ, ಹೆಚ್ಚು ಕೊಬ್ಬಿನ ಆಹಾರ ತಿಂದ ಇಲಿಗಳನ್ನು ಇಂತಹ ಏರಿಳಿತದ ಆಮ್ಲಜನಕಕ್ಕೆ ಒಡ್ಡಿದಾಗ ಅವುಗಳ ಯಕೃತ್ತಿನಲ್ಲಿ ಉರಿಯೂತ ಉಂಟಾಯಿತು. ಮನುಷ್ಯರ ವಿಷಯಕ್ಕೆ ಬಂದರೆ, ಬೊಜ್ಜಿನ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಯಕೃತ್ತಿನ ಸಣ್ಣ ತುಣುಕನ್ನು (ಬಯಾಪ್ಸಿ) ತೆಗೆದು ನೋಡಿದ ಅಧ್ಯಯನಗಳಿವೆ. ರಾತ್ರಿ ಆಮ್ಲಜನಕ ಹೆಚ್ಚು ಕುಸಿಯುವವರಲ್ಲಿ ಉರಿಯೂತ ಮತ್ತು ನಾರು ಎರಡೂ ಹೆಚ್ಚಿರುವುದು ಅವುಗಳಲ್ಲಿ ಕಂಡುಬಂದಿದೆ. ತೂಕದ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಈ ಸಂಬಂಧ ತೆಳುವಾಗುತ್ತದೆ, ಆದರೂ ಹಲವು ಅಧ್ಯಯನಗಳಲ್ಲಿ ಪೂರ್ತಿ ಅಳಿಸಿಹೋಗಿಲ್ಲ. ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ ಎಂಬುದನ್ನೂ ಸೇರಿಸುತ್ತೇನೆ.

ಹಾಗಾಗಿ ಯಕೃತ್ತಿನ ದೃಷ್ಟಿಯಿಂದ ನಿಮ್ಮ ವರದಿಯನ್ನು ಓದುವಾಗ ಎಎಚ್‌ಐ ಒಂದನ್ನೇ ನೋಡಬೇಡಿ. ಆಮ್ಲಜನಕ 90%ಕ್ಕಿಂತ ಕೆಳಗಿದ್ದ ಸಮಯ, ಮತ್ತು ಗಂಟೆಗೆ ಎಷ್ಟು ಸಲ ಆಮ್ಲಜನಕ ಕುಸಿಯಿತು ಎಂದು ತಿಳಿಸುವ ಒಡಿಐ ಇಲ್ಲಿ ಹೆಚ್ಚು ಮುಖ್ಯ. ರಾತ್ರಿಯ 18% ಸಮಯವೆಂದರೆ ಏಳು ಗಂಟೆಯ ನಿದ್ರೆಯಲ್ಲಿ ಸುಮಾರು ಒಂದೂಕಾಲು ಗಂಟೆ. ಇದು ಕಡಿಮೆಯೇನಲ್ಲ.

ಉತ್ತರ: ಯಕೃತ್ತಿನ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯ

ಮೇಲಿನ ವಿವರಣೆಯನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಅದನ್ನು ಓದಿದವರು, ಆಮ್ಲಜನಕದ ಕುಸಿತವೇ ಕಾರಣವಾದರೆ ಸಿಪ್ಯಾಪ್ ಹಾಕಿದ ಕೂಡಲೇ ಯಕೃತ್ತಿನ ಕೊಬ್ಬು ಇಳಿಯಬೇಕಲ್ಲವೇ ಎಂದುಕೊಳ್ಳುವುದು ಸಹಜ. ಈ ನಿರೀಕ್ಷೆಯನ್ನು ಪರೀಕ್ಷಿಸಿ ನೋಡಿದ್ದಾರೆ. ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಿಜವಾದ ಸಿಪ್ಯಾಪ್, ಇನ್ನೊಂದಕ್ಕೆ ಪರಿಣಾಮವಿಲ್ಲದಷ್ಟು ಕಡಿಮೆ ಒತ್ತಡದ ಯಂತ್ರ ಕೊಟ್ಟು ಕೆಲವು ವಾರಗಳಿಂದ ಆರು ತಿಂಗಳವರೆಗೆ ನಡೆಸಿದ ಸಣ್ಣ ಪ್ರಯೋಗಗಳಲ್ಲಿ, ಯಕೃತ್ತಿನ ಕೊಬ್ಬು ಎರಡೂ ಗುಂಪುಗಳ ನಡುವೆ ಗಮನಾರ್ಹವಾಗಿ ಭಿನ್ನವಾಗಲಿಲ್ಲ. ಆರು ತಿಂಗಳು ಈ ಕಾಯಿಲೆಯ ಮಟ್ಟಿಗೆ ಅಲ್ಪಾವಧಿ, ಎಲ್ಲರೂ ರಾತ್ರಿಯಿಡೀ ಯಂತ್ರ ಹಾಕಿಕೊಳ್ಳುವುದೂ ಇಲ್ಲ ಎಂಬ ಆಕ್ಷೇಪಗಳು ನ್ಯಾಯವಾದವೇ. ಆದರೂ ಇಂದಿನ ತಿಳಿವಳಿಕೆಯಲ್ಲಿ ಸಿಪ್ಯಾಪನ್ನು ಲಿವರಿನ ಚಿಕಿತ್ಸೆ ಎಂದು ಯಾರೂ ಬರೆದುಕೊಡಲಾರರು. ಅದನ್ನು ಹಾಕಿಕೊಳ್ಳಬೇಕಾದದ್ದು ಹಗಲಿನ ತೂಕಡಿಕೆ, ವಾಹನ ಓಡಿಸುವಾಗಿನ ಅಪಾಯ, ರಕ್ತದೊತ್ತಡ ಇವುಗಳಿಗಾಗಿ, ಮತ್ತು ಆ ಕಾರಣಗಳೇ ಸಾಕಷ್ಟು ದೊಡ್ಡವು.

ಯಕೃತ್ತಿನ ವಿಷಯದಲ್ಲಿ ಕುಟುಂಬದವರು ಸಾಮಾನ್ಯವಾಗಿ ಗ್ರೇಡ್ ಸಂಖ್ಯೆಗೆ ಹೆದರುತ್ತಾರೆ. ಅಲ್ಟ್ರಾಸೌಂಡಿನ ಗ್ರೇಡ್ ಕೊಬ್ಬು ಎಷ್ಟಿದೆ ಎಂಬುದರ ಅಂದಾಜು ಮಾತ್ರ. ಮುಂದಿನ ವರ್ಷಗಳಲ್ಲಿ ಏನಾಗಬಹುದು ಎಂಬುದನ್ನು ತಿಳಿಸುವುದು ಫೈಬ್ರೋಸಿಸ್, ಅಂದರೆ ನಾರು ಕಟ್ಟಿಕೊಂಡಿರುವ ಪ್ರಮಾಣ. ಅದರ ಮೊದಲ ಅಂದಾಜಿಗೆ ಬೇಕಾದ ಸಂಖ್ಯೆಗಳೆಲ್ಲ ನಿಮ್ಮ ಬಳಿ ಈಗಾಗಲೇ ಇವೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿದರೆ 48 × 44 = 2112. ಪ್ಲೇಟ್‌ಲೆಟ್ 2.2 ಲಕ್ಷವೆಂದರೆ 220 ಸಾವಿರ. ಅದನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ, ಅಂದರೆ ಸುಮಾರು 8.25ರಿಂದ ಗುಣಿಸಿದರೆ 1815. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ 1.16 ಬರುತ್ತದೆ. ಇದಕ್ಕೆ ಫಿಬ್-4 ಎನ್ನುತ್ತೇವೆ. 1.3ಕ್ಕಿಂತ ಕಡಿಮೆಯಿದ್ದರೆ ಮುಂದುವರಿದ ಫೈಬ್ರೋಸಿಸ್ ಇರುವ ಸಾಧ್ಯತೆ ಕಡಿಮೆ, 2.67 ದಾಟಿದರೆ ಹೆಚ್ಚು. ನಡುವಿನವರಿಗೆ ಫೈಬ್ರೋಸ್ಕ್ಯಾನ್ ಮಾಡಿ ಯಕೃತ್ತಿನ ಗಡಸುತನ ಅಳೆಯುತ್ತೇವೆ; ಅಲ್ಲಿ 8 ಕಿಲೋಪಾಸ್ಕಲ್‌ಗಿಂತ ಕಡಿಮೆ ಬಂದರೆ ನೆಮ್ಮದಿ. ನಿಮ್ಮ ಯಜಮಾನರ ಸಂಖ್ಯೆ ಸದ್ಯಕ್ಕೆ ಸಮಾಧಾನಕರವಾಗಿದೆ. ಆದರೆ ಅದು 1.3ರಿಂದ ಬಹಳ ದೂರವಿಲ್ಲ, ಎಚ್‌ಬಿಎ1ಸಿ 6.1 ಇರುವುದರಿಂದ ಮಧುಮೇಹದ ಹೊಸ್ತಿಲಲ್ಲಿದ್ದಾರೆ, ಜೊತೆಗೆ ತೀವ್ರ ಆಪ್ನಿಯಾ ಇದೆ. ನಾನಾಗಿದ್ದರೆ ಒಮ್ಮೆ ಫೈಬ್ರೋಸ್ಕ್ಯಾನ್ ಮಾಡಿಸಿಬಿಡಿ ಎನ್ನುತ್ತಿದ್ದೆ, ಮತ್ತು ಒಂದೆರಡು ವರ್ಷದೊಳಗೆ ಈ ಲೆಕ್ಕವನ್ನು ಮತ್ತೆ ಹಾಕುತ್ತಿದ್ದೆ.

ಎರಡೂ ಕಾಯಿಲೆಗಳನ್ನು ಒಟ್ಟಿಗೆ ತಗ್ಗಿಸುವುದು ತೂಕ ಇಳಿಕೆಯೊಂದೇ, ಮತ್ತು ಅದು ಎಷ್ಟು ಬೇಕು ಎಂಬುದಕ್ಕೆ ಒಳ್ಳೆಯ ಅಂದಾಜುಗಳಿವೆ. ದೇಹತೂಕದ 5% ಇಳಿದರೆ ಯಕೃತ್ತಿನ ಕೊಬ್ಬು ಕಡಿಮೆಯಾಗುತ್ತದೆ, 7ರಿಂದ 10% ಇಳಿದರೆ ಉರಿಯೂತವೂ ತಗ್ಗುತ್ತದೆ, 10% ಅಥವಾ ಅದಕ್ಕಿಂತ ಹೆಚ್ಚು ಇಳಿದವರಲ್ಲಿ ನಾರು ಕೂಡ ಹಿಂದೆ ಸರಿಯಬಹುದು. 92 ಕೆ.ಜಿ.ಯವರಿಗೆ 5% ಎಂದರೆ 4.6 ಕೆ.ಜಿ., 10% ಎಂದರೆ 9.2 ಕೆ.ಜಿ. ಇನ್ನು ಆಪ್ನಿಯಾದ ಮಟ್ಟಿಗೆ, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸಾಮಾನ್ಯ ಜನರನ್ನು ವರ್ಷಗಟ್ಟಲೆ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತೂಕ 10% ಇಳಿದಾಗ ಎಎಚ್‌ಐ ಸುಮಾರು 26% ಇಳಿಯುತ್ತದೆ, 10% ಏರಿದರೆ ಸುಮಾರು 32% ಏರುತ್ತದೆ. ಈ ಲೆಕ್ಕದಲ್ಲಿ ನಿಮ್ಮವರ 34 ಸುಮಾರು 25ಕ್ಕೆ ಬಂದೀತು. ಅಂದರೆ ಯಕೃತ್ತಿಗೆ ಬಹಳ ಲಾಭವಾಗುವಷ್ಟು ತೂಕ ಇಳಿಸಿದ ಮೇಲೂ ಆಪ್ನಿಯಾ ಮಧ್ಯಮ ಮಟ್ಟದಲ್ಲಿ ಉಳಿಯಬಹುದು. ಆದ್ದರಿಂದ ತೂಕ ಇಳಿಸುತ್ತಿದ್ದೇವೆ, ಯಂತ್ರ ಬೇಡ ಎಂದಾಗಲಿ, ಯಂತ್ರವಿದೆ, ತೂಕದ ಚಿಂತೆ ಬೇಡ ಎಂದಾಗಲಿ ದಯವಿಟ್ಟು ತೀರ್ಮಾನಿಸಬೇಡಿ.

ತೂಕ ವಾರಕ್ಕೆ ಅರ್ಧದಿಂದ ಒಂದು ಕೆ.ಜಿ.ಯಂತೆ ಇಳಿದರೆ ಸಾಕು. ಉಪವಾಸದಿಂದ ಸರ್ರನೆ ಇಳಿಸಿದವರಲ್ಲಿ ಪಿತ್ತಕೋಶದ ಕಲ್ಲುಗಳು ಹೆಚ್ಚು.

ಔಷಧಗಳ ಬಗ್ಗೆ ಮುಂದೆ ಯಾರಾದರೂ ಕೇಳಬಹುದು. ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದಿಗೆ ಬೊಜ್ಜಿನ ಜೊತೆ ಮಧ್ಯಮ ಅಥವಾ ತೀವ್ರ ಸ್ಲೀಪ್ ಆಪ್ನಿಯಾ ಇರುವವರಲ್ಲಿ ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಅನುಮತಿ ನೀಡಿತು. ಮಧ್ಯಮದಿಂದ ಮುಂದುವರಿದ ಹಂತದ ಫೈಬ್ರೋಸಿಸ್ ಇರುವ, ಉರಿಯೂತದ ಫ್ಯಾಟಿ ಲಿವರ್‌ಗೆ ಅದೇ ಸಂಸ್ಥೆ 2024ರ ಮಾರ್ಚ್‌ನಲ್ಲಿ ರೆಸ್ಮೆಟಿರೋಮ್ ಮಾತ್ರೆಯನ್ನೂ, 2025ರ ಆಗಸ್ಟ್‌ನಲ್ಲಿ ತೂಕ ಇಳಿಸುವ ಇನ್ನೊಂದು ಚುಚ್ಚುಮದ್ದಾದ ಸೆಮಾಗ್ಲುಟೈಡನ್ನೂ ಒಪ್ಪಿತು. ಇವು ಯಾರಿಗೆ ಸೂಕ್ತ ಎಂಬುದನ್ನು ರೋಗಿಯನ್ನು ನೋಡಿದ ವೈದ್ಯರೇ ಹೇಳಬೇಕು, ಮತ್ತು ಚುಚ್ಚುಮದ್ದು ನಿಲ್ಲಿಸಿದರೆ ಹೆಚ್ಚಿನವರಲ್ಲಿ ತೂಕ ಮರಳುತ್ತದೆ ಎಂಬುದನ್ನು ಆರಂಭಿಸುವ ಮುನ್ನವೇ ತಿಳಿದಿರಬೇಕು.

ಉತ್ತರ: ಸಿಪ್ಯಾಪ್ ಬಳಸುತ್ತಿರುವವರು

ನನಗೂ ಎರಡೂ ಕಾಯಿಲೆಗಳಿವೆ, ವರ್ಷಗಳಿಂದ ಯಂತ್ರ ಬಳಸುತ್ತಿದ್ದೇನೆ. ವೈದ್ಯರು ಹೇಳಿದ್ದಕ್ಕೆ ಬಳಕೆದಾರನಾಗಿ ಎರಡು ಮಾತು ಸೇರಿಸುತ್ತೇನೆ. ಯಂತ್ರದ ಪ್ರಯೋಜನ ಅದನ್ನು ಹಾಕಿಕೊಂಡ ಗಂಟೆಗಳಿಗೆ ತಕ್ಕಂತೆ ಸಿಗುತ್ತದೆ. ರಾತ್ರಿಗೆ ನಾಲ್ಕು ಗಂಟೆ ಎಂಬುದನ್ನು ಕನಿಷ್ಠ ಬಳಕೆ ಎಂದು ಎಣಿಸುವ ರೂಢಿಯಿದೆ, ಆದರೆ ಬೆಳಗಿನ ಜಾವ ಮಾಸ್ಕ್ ತೆಗೆದಿಟ್ಟು ಮಲಗಿದರೆ, ಕನಸು ಬೀಳುವ ನಿದ್ರೆ ಹೆಚ್ಚಾಗಿರುವ ಆ ಹೊತ್ತಿನಲ್ಲೇ ಗಂಟಲು ಅತಿ ಸಡಿಲವಾಗಿ ಆಪ್ನಿಯಾ ಜೋರಾಗುತ್ತದೆ. ಮೂಗು ಕಟ್ಟುವುದು, ಬಾಯಿ ಒಣಗುವುದು, ಮಾಸ್ಕಿನ ಅಂಚಿನಿಂದ ಗಾಳಿ ಸೋರಿ ಕಣ್ಣಿಗೆ ಬಡಿಯುವುದು ಮೊದಲ ವಾರಗಳಲ್ಲಿ ಬಹುತೇಕರಿಗೆ ಆಗುತ್ತದೆ. ಮಾಸ್ಕಿನ ಅಳತೆ ಬದಲಿಸುವುದರಿಂದ, ಗಾಳಿಗೆ ತೇವ ಕೊಡುವ ಭಾಗವನ್ನು ಜೋಡಿಸುವುದರಿಂದ ಇವುಗಳಲ್ಲಿ ಹೆಚ್ಚಿನವು ಸರಿಹೋಗುತ್ತವೆ. ಸಹಿಸಿಕೊಂಡು ಸುಮ್ಮನಿರದೆ ಯಂತ್ರ ಕೊಟ್ಟವರನ್ನು ಕೇಳಿ.

ಎರಡನೆಯದು ತೂಕದ್ದು. ಉಸಿರಾಟ ಸಲೀಸಾದರೆ ತೂಕ ತಾನಾಗಿ ಇಳಿಯುತ್ತದೆಂದು ಹಲವರು ನಂಬುತ್ತಾರೆ. ಸಿಪ್ಯಾಪ್ ಆರಂಭಿಸಿದವರಲ್ಲಿ ತೂಕ ಸರಾಸರಿಯಾಗಿ ಸ್ವಲ್ಪ ಏರುತ್ತದೆ ಎಂದೇ ಪ್ರಯೋಗಗಳು ತೋರಿಸಿವೆ. ಉಸಿರಿಗಾಗಿ ರಾತ್ರಿಯಿಡೀ ಹೆಣಗುತ್ತಿದ್ದ ಶರೀರದ ಶಕ್ತಿಯ ವ್ಯಯ ತಗ್ಗುವುದು ಇದಕ್ಕೆ ಒಂದು ಕಾರಣವಂತೆ. ಆದರೆ ಹಗಲಿನ ಆಯಾಸ ಹೋಗಿ ನಡೆಯಲು ಚೈತನ್ಯ ಬರುವುದಂತೂ ನಿಜ. ಆ ಚೈತನ್ಯವನ್ನು ಮೊದಲ ತಿಂಗಳಿನಿಂದಲೇ ನಡಿಗೆಗೆ ಬಳಸಿಕೊಳ್ಳುವಂತೆ ನಿಮ್ಮ ಯಜಮಾನರಿಗೆ ಹೇಳಿ.

ಇನ್ನೊಬ್ಬ ಸದಸ್ಯೆಯ ಪ್ರಶ್ನೆ

ಚರ್ಚೆಯ ನಡುವೆ ಬಂದದ್ದಕ್ಕೆ ಕ್ಷಮಿಸಿ. ನನಗೆ 53 ವರ್ಷ, ಮುಟ್ಟು ನಿಂತಿದೆ, ಫ್ಯಾಟಿ ಲಿವರ್ ಮತ್ತು ಮಧುಮೇಹ ಇವೆ. ನಾನು ಜೋರಾಗಿ ಗೊರಕೆ ಹೊಡೆಯುವವಳಲ್ಲ. ಆದರೆ ರಾತ್ರಿ ಹಲವು ಸಲ ಎಚ್ಚರವಾಗುತ್ತದೆ, ಬೆಳಿಗ್ಗೆ ತಲೆ ಭಾರವಾಗಿರುತ್ತದೆ. ಇದನ್ನು ನಿದ್ರಾಹೀನತೆ ಎಂದುಕೊಂಡು ನಿದ್ರೆ ಮಾತ್ರೆ ಕೇಳಬೇಕೆಂದಿದ್ದೆ. ನನ್ನಂಥವರೂ ಪರೀಕ್ಷೆ ಮಾಡಿಸಬೇಕೇ? ಹಾಗೆಯೇ, ನನ್ನ ತಮ್ಮನಿಗೆ 33 ವರ್ಷ, ತೆಳ್ಳಗಿದ್ದಾನೆ, ಆದರೂ ಗೊರಕೆಯೂ ಫ್ಯಾಟಿ ಲಿವರೂ ಎರಡೂ ಇವೆ.

ಉತ್ತರ: ನಿದ್ರಾ ವಿಭಾಗದ ವೈದ್ಯೆ

ಅಕ್ಕಾ, ನೀವು ಬಂದದ್ದೇ ಒಳ್ಳೆಯದಾಯಿತು. ದಯವಿಟ್ಟು ನಿದ್ರೆ ಮಾತ್ರೆಗೆ ಮುನ್ನ ಪರೀಕ್ಷೆ ಮಾಡಿಸಿ. ಕೆಲವು ನಿದ್ರಾಜನಕಗಳು, ಮದ್ಯದಂತೆಯೇ, ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸಿ ಉಸಿರು ನಿಲ್ಲುವುದನ್ನು ಹೆಚ್ಚಿಸುತ್ತವೆ. ಮುಟ್ಟು ನಿಂತ ಮೇಲೆ ಮಹಿಳೆಯರಲ್ಲಿ ಆಪ್ನಿಯಾದ ಸಾಧ್ಯತೆ ಏರುತ್ತದೆ. ಅವರಲ್ಲಿ ಅದು ಗೊರಕೆಗಿಂತ ಹೆಚ್ಚಾಗಿ ಆಯಾಸ, ತಲೆನೋವು, ಮತ್ತೆ ಮತ್ತೆ ಎಚ್ಚರವಾಗುವುದು ಇವುಗಳ ರೂಪದಲ್ಲಿ ಕಾಣಿಸಿಕೊಳ್ಳುವುದರಿಂದ ತಡವಾಗಿ ಪತ್ತೆಯಾಗುತ್ತದೆ. ಸ್ಟಾಪ್-ಬ್ಯಾಂಗ್ ಎಂಬ ಎಂಟು ಪ್ರಶ್ನೆಗಳ ಪಟ್ಟಿಯನ್ನು ನಾವೆಲ್ಲ ಬಳಸುತ್ತೇವೆ. ಗೊರಕೆ, ಆಯಾಸ, ಉಸಿರು ನಿಲ್ಲುವುದನ್ನು ಯಾರಾದರೂ ಕಂಡಿರುವುದು, ರಕ್ತದೊತ್ತಡ, 35ಕ್ಕಿಂತ ಹೆಚ್ಚಿನ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ), 50 ದಾಟಿದ ವಯಸ್ಸು, ಕತ್ತಿನ ಸುತ್ತಳತೆ, ಪುರುಷನಾಗಿರುವುದು ಇವುಗಳಿಗೆ ತಲಾ ಒಂದು ಅಂಕ. ಮೂರು ಅಥವಾ ಹೆಚ್ಚು ಬಂದರೆ ಪರೀಕ್ಷೆಯ ಬಗ್ಗೆ ಯೋಚಿಸಬೇಕು. ಪುರುಷರಿಗೆ ಒಂದು ಅಂಕ ಮೊದಲೇ ಸಿಕ್ಕಿರುತ್ತದೆ, ಮಹಿಳೆಯರು ಅಷ್ಟರಮಟ್ಟಿಗೆ ಹಿಂದೆ ಉಳಿಯುತ್ತಾರೆ. ಫ್ಯಾಟಿ ಲಿವರ್ ಮತ್ತು ಮಧುಮೇಹ ಎರಡೂ ಇರುವ ಮಹಿಳೆಗೆ ಅಂಕ ಎರಡೇ ಬಂದರೂ ಇಂಥ ಲಕ್ಷಣಗಳಿದ್ದಲ್ಲಿ ನಾನು ಪರೀಕ್ಷೆ ಹೇಳುತ್ತೇನೆ.

ನಿಮ್ಮ ತಮ್ಮನ ವಿಷಯ. ಹಿಂದೆ ಸರಿದ ಕೆಳದವಡೆ, ದೊಡ್ಡ ಟಾನ್ಸಿಲ್, ಹುಟ್ಟಿನಿಂದಲೇ ಇಕ್ಕಟ್ಟಾದ ಗಂಟಲು ಇವುಗಳಿಂದ ತೆಳ್ಳಗಿನವರಿಗೂ ಆಪ್ನಿಯಾ ಬರುತ್ತದೆ. ತೂಕ ಸರಿಯಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಇರುವವರಲ್ಲಿ ಫ್ಯಾಟಿ ಲಿವರೂ ಬರುತ್ತದೆ. ಥೈರಾಯ್ಡ್ ಕಡಿಮೆಯಾಗಿರುವುದು ಎರಡಕ್ಕೂ ಪುಷ್ಟಿ ಕೊಡಬಲ್ಲದು, ಅದನ್ನೊಮ್ಮೆ ನೋಡಿಸಿ. ಮೇಲೆ ವಿವರಿಸಿದ ಫಿಬ್-4 ಲೆಕ್ಕ 35 ವರ್ಷಕ್ಕಿಂತ ಕಿರಿಯರಲ್ಲಿ ನಂಬಲರ್ಹವಲ್ಲವಾದ್ದರಿಂದ ಅವರಿಗೆ ಫೈಬ್ರೋಸ್ಕ್ಯಾನ್ ಸರಿಯಾದ ದಾರಿ. ಎಸ್‌ಜಿಪಿಟಿ ಸಹಜವಾಗಿದೆ ಎಂಬ ಕಾರಣಕ್ಕೆ ಬಿಟ್ಟುಬಿಡಬೇಡಿ, ಫ್ಯಾಟಿ ಲಿವರ್ ಇರುವ ಎಷ್ಟೋ ಜನರಲ್ಲಿ ಅದು ಸಹಜವಾಗಿಯೇ ಇರುತ್ತದೆ.

ಮೂಲ ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಸಿಪ್ಯಾಪ್ ಈ ವಾರವೇ ತರಿಸುತ್ತೇವೆ, ಫೈಬ್ರೋಸ್ಕ್ಯಾನ್‌ಗೂ ಸಮಯ ತೆಗೆದುಕೊಂಡಿದ್ದೇವೆ. ಕೊನೆಯದಾಗಿ ಒಂದು ಸಂದೇಹ. ನಿದ್ರಾ ಪರೀಕ್ಷೆಯನ್ನು ಮತ್ತೆ ಯಾವಾಗ ಮಾಡಿಸಬೇಕು? ಎರಡೂ ಕಡೆಯ ವೈದ್ಯರಿಗೆ ಏನೇನು ತಿಳಿಸಿರಬೇಕು?

ಉತ್ತರ: ಯಕೃತ್ತಿನ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯ

ತೂಕದಲ್ಲಿ 10%ದಷ್ಟು ವ್ಯತ್ಯಾಸವಾದಾಗ, ಅಥವಾ ಯಂತ್ರ ಬಳಸುತ್ತಿದ್ದರೂ ತೂಕಡಿಕೆ ಮರುಕಳಿಸಿದಾಗ ನಿದ್ರಾ ಪರೀಕ್ಷೆಯನ್ನು ಮತ್ತೆ ಮಾಡಿಸುವುದು ಸೂಕ್ತ. ಅಲ್ಲಿಯವರೆಗೆ ಯಂತ್ರದಲ್ಲೇ ದಾಖಲಾಗುವ ಬಳಕೆಯ ಗಂಟೆಗಳು ಮತ್ತು ಯಂತ್ರ ಹಾಕಿಕೊಂಡಾಗಲೂ ಉಳಿದಿರುವ ಎಎಚ್‌ಐ ಸಂಖ್ಯೆಯನ್ನು ನಿಮ್ಮ ನಿದ್ರೆಯ ವೈದ್ಯರಿಗೆ ತೋರಿಸುತ್ತಿರಿ. ಲಿವರ್ ವೈದ್ಯರಿಗೆ ನಿದ್ರಾ ವರದಿಯ ಪ್ರತಿ ಕೊಡಿ, ನಿದ್ರೆಯ ವೈದ್ಯರಿಗೆ ಫೈಬ್ರೋಸ್ಕ್ಯಾನ್ ಫಲಿತಾಂಶ ಕೊಡಿ. ಎಂದಾದರೂ ಎಂಡೋಸ್ಕೋಪಿ ಅಥವಾ ಬಯಾಪ್ಸಿ ಬೇಕಾಗಿ ಮಂಪರು ಬರಿಸುವ ಔಷಧ ಕೊಡುವ ಸಂದರ್ಭ ಬಂದರೆ, ತೀವ್ರ ಸ್ಲೀಪ್ ಆಪ್ನಿಯಾ ಇದೆ ಎಂಬುದನ್ನು ಅರಿವಳಿಕೆ ವೈದ್ಯರಿಗೆ ಮುಂಚಿತವಾಗಿ ಹೇಳಿ, ಸಿಪ್ಯಾಪ್ ಯಂತ್ರವನ್ನು ಆಸ್ಪತ್ರೆಗೆ ಜೊತೆಯಲ್ಲೇ ಒಯ್ಯಿರಿ.